ಬಚ್ಚಲ ನೀರು

ಚೊಚ್ಚಲ ಬಾಣಂತನಕ್ಕೆಂದು ಬಾರ್ಕೂರಿನ ತವರಿಗೆ ಬಂದ ನನ್ನನ್ನು ಅಮ್ಮ ನಡುಕೋಣೆಗೆ ಸೇರಿಸಿ ಕಿಟಕಿ ಮುಚ್ಚಿದಳು. ಗಾಳಿ ತಾಗಬಾರದಂತೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಹಳೇ ಸೀರೆಯ ಬಿಗಿ ಸುತ್ತು. ಹೊರಗೆ ಬ್ರಹ್ಮಾವರದ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುವಾಗೆಲ್ಲ ಓಡಿಹೋಗಿ ಹತ್ತಿಬಿಡಲೇ ಎನ್ನಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮಗಳನ್ನು ಬಿಟ್ಟೇ.

ಉಳಿದದ್ದನ್ನೆಲ್ಲ ಹಲ್ಲು ಕಚ್ಚಿ ಸಹಿಸಿಕೊಂಡೆ, ನೀರಿನದ್ದು ಮಾತ್ರ ಆಗಲಿಲ್ಲ. ಒಣ ಅನ್ನ, ಕಾಳುಮೆಣಸಿನ ಚಟ್ನಿ, ಊಟವಾದ ಮೇಲೆ ಸಣ್ಣ ಲೋಟದಲ್ಲಿ ಬಿಸಿನೀರು. ಮತ್ತೆ ಕೇಳಿದರೆ, ನೀರು ಕುಡಿಯಬಾರದು, ಹೊಟ್ಟೆ ದಪ್ಪವಾಗುತ್ತದೆ ಎಂದು ಅಮ್ಮನದು ಒಂದೇ ಪಾಠ: “ಬಾಣಂತಿ ನೀರ್ ಕುಡುಕಾಗ ಹೆಣೆ, ಹೊಟ್ಟಿ ಬತ್ತ್.”

“ಬಾಯಾರ್ದಾಗೆಲ್ಲ ಕುಡಿ ಅಂದ್ ನರ್ಸ್ ಹೇಳಿದ್ರಲೆ!”

“ನರ್ಸಿಗೆ ಎಂತ? ನಾಳೆ ನಿನ್ ಸೊಂಟ ಹಿಡದ್ರೆ ಕಾಂಬುಕೆ ಅವ್ರ್ ಬತ್ರಾ?”

ಮಗಳು ಮೊಲೆಗೆ ಬಾಯಿಟ್ಟು ಎಳೆದು, ಏನೂ ಸಿಗದೆ ಕೆಂಪಗಾಗಿ ಚೀರುತ್ತಿದ್ದಳು. ಬಾಯಿ ಅಗಲಿಸಿದ ಕೂಡಲೇ ಹತ್ತಿರ ಎಳೆದುಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಕಲಿಸಿದ್ದರು, ನಿಜ. ಆದರೆ ಆ ಸೀರೆಯ ಸುತ್ತಿನಲ್ಲಿ ನನಗೆ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ. ನೋಡಲು ಬಂದವರು ನನ್ನ ಮುಖ ಬಿಟ್ಟು ಎದೆ ನೋಡಿ ಕೇಳುವವರು, “ಹಾಲ್ ಇತ್ತಾ?” ಚಿಕ್ಕಮ್ಮನಂತೂ ಪುಡಿಹಾಲಿನ ಡಬ್ಬವನ್ನೇ ತಂದು ತಲೆದೆಸೆಯಲ್ಲಿಟ್ಟಳು. “ಬೇಜಾರ್ ಮಾಡ್ಕಬೇಡ. ಎಲ್ಲರಿಗೂ ಹಾಲ್ ಬತ್ತಿಲ್ಲ. ನಾಳೆ ಇದ್ನೇ ಶುರು ಮಾಡುವ.”

ಪುಡಿಹಾಲು ಕುಡಿದ ಮಕ್ಕಳು ಬೆಳೆಯುವುದಿಲ್ಲವೇ? ಬೆಳೆಯುತ್ತವೆ. ಆದರೆ ನನಗೆ ನನ್ನ ಹಾಲನ್ನೇ ಕುಡಿಸಬೇಕಿತ್ತು. ಆ ಕೋಣೆಯಲ್ಲಿ ನನ್ನದು ಅಂತ ಉಳಿದಿದ್ದ ಆಸೆ ಅದೊಂದೇ. ಡಬ್ಬದ ಮೇಲಿನ ಗುಂಡು ಮಗು ನನ್ನನ್ನೇ ನೋಡಿ ನಗುತ್ತಿತ್ತು. ಎತ್ತಿ ಅಂಗಳಕ್ಕೆ ಎಸೆಯಬೇಕೆನ್ನಿಸಿತು. ಎಸೆಯುವುದಕ್ಕೆ ಕಿಟಕಿಯಾದರೂ ತೆರೆದಿರಬೇಕಲ್ಲ!

ಮರುದಿನ ಬೆಳಿಗ್ಗೆ ಅಮ್ಮ ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹೊಯ್ದು, ಒಲೆಗೆ ಇನ್ನಷ್ಟು ಒಣ ತೆಂಗಿನ ಮಡಲು ತರಲು ಹೊರಗೆ ಹೋದಳು. ಬಕೆಟ್ಟಿನಲ್ಲಿ ನೀರು ಹಬೆಯಾಡುತ್ತಿತ್ತು. ಎರಡೂ ಕೈ ಅದ್ದಿ ಬೊಗಸೆಯಲ್ಲಿ ಎತ್ತಿ ಕುಡಿದೆ. ನಾಲಿಗೆ ಸುಟ್ಟಿತು, ಸುಡಲಿ ಎಂದು ಮತ್ತೆ ಕುಡಿದೆ. ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ.

ಬೈಗುಳಕ್ಕೆ ಕಾದೆ. ಅವಳು ಮಡಲನ್ನು ಕೆಳಗಿಟ್ಟಳು.

“ಎಣ್ಣಿ ಬಿದ್ದ ನೀರ್ ಮಾರಾಯ್ತಿ ಅದ್,” ಅಂದಳು. ಒಲೆಯ ಬೆಂಕಿ ಮುಂದೂಡುತ್ತಾ, “ನಾನೂ ಬಚ್ಚಲಲ್ಲೇ ಕುಡ್ದದ್, ನಿನ್ನ ಹೆತ್ತಾಗ.”

ನನಗೆ ಮೈಯೆಲ್ಲ ಉರಿಯಿತು. “ಹಂಗಾರೆ ನಂಗ್ಯಾಕ್ ಕೊಡ್ಲಿಲ್ಲ?”

“ನಂಗ್ ಯಾರ್ ಕೊಟ್ಟಿರ್?”

ಆದರೂ ಆ ದಿನ ಸೀರೆ ಸುತ್ತುವಾಗ ಅವಳ ಕೈ ಸಡಿಲವಾಗಿತ್ತು. ಚಿಕ್ಕಮ್ಮ ಕಾಣದ ಹಾಗೆ ಸೆರಗಿನಡಿ ಚೊಂಬು ತುಂಬ ನೀರು ತಂದು ಮಂಚದ ಕೆಳಗಿಟ್ಟಳು. ನಾನು ಕುಡಿದೆ, ಗೋಡೆಗೆ ಒರಗಿ ಕೂತೆ, ಮಗಳು ಬಾಯಿ ಅಗಲಿಸಿದ ಕೂಡಲೇ ಎದೆಗೆ ಎಳೆದುಕೊಂಡೆ. ಹಾಗೇ ಮತ್ತೆ ಮತ್ತೆ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳ ಗಂಟಲಿನಿಂದ ಗುಟುಕು ಇಳಿಯುವ ಸದ್ದು ಕೇಳಿತು. ನನ್ನ ರವಿಕೆಯ ಇನ್ನೊಂದು ಬದಿ ತಂತಾನೇ ಒದ್ದೆಯಾಯಿತು. ನಾನು ಗಟ್ಟಿಯಾಗಿಯೇ ಅತ್ತೆ.

“ಹ್ವಾಯ್, ಪುಡಿ ಕಲಸುದಾ?” ಚಿಕ್ಕಮ್ಮ ಅಡುಗೆಮನೆಯಿಂದ ಕೂಗಿದಳು.

“ಬ್ಯಾಡ, ಹಾಲ್ ಬಂತ್!” ಅಮ್ಮನ ದನಿಯಲ್ಲಿ ಗೆದ್ದವಳ ಜೋರಿತ್ತು. ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು. ಹೋಗುವ ಮುಂಚೆ ಕಿಟಕಿಯ ಅಗುಳಿ ಸರಿಯಾಗಿ ಬಿದ್ದಿದೆಯೇ ಎಂದು ಮುಟ್ಟಿ ನೋಡಿದಳು.