ಗಿಟಾರು ಬಿಟ್ಟುಕೊಟ್ಟ ಜಾಗ

ನನಗೆ ರಾಕ್ ಸಂಗೀತ ಅರ್ಥವಾಗುವುದಿಲ್ಲ. ಇದನ್ನು ಹೇಳುವ ಧೈರ್ಯ ಬಂದದ್ದು ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಮೇಲೆ. ಬಾಲ್ಯದ ಗೆಳೆಯ ಮಾದೇಶ ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಗುಡುಗುತ್ತಿದ್ದ ಅಷ್ಟೂ ವರ್ಷ, ಅವನ ಕ್ಯಾಸೆಟ್ಟು ಬಂದಾಗಲೆಲ್ಲ 'ಅದ್ಭುತ ಕಣಯ್ಯಾ' ಎಂದು ಕಾಗದ ಹಾಕುತ್ತಿದ್ದೆ. ಅದನ್ನು ಹಚ್ಚಿದರೆ ಚಾಮರಾಜನಗರದ ನಮ್ಮ ಬೀದಿಯಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆಂದು ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಸ್ನೇಹದ ಮುಂದೆ ಕಿವಿ ಯಾವ ಲೆಕ್ಕ!

ಅರವತ್ತು ದಾಟಿದ ಮಾದೇಶ ಈಗ ಹೊಸ ಆಲ್ಬಮ್ ಮಾಡಿದ್ದಾನೆ. ತೆರಕಣಾಂಬಿ ಹತ್ತಿರದ ಅವನ ಹುಟ್ಟೂರಿನಲ್ಲಿ ದನ ಮೇಯುವ ಗುಡ್ಡವನ್ನು ಕರಿಕಲ್ಲಿನ ಕ್ವಾರಿಗೆ ಕೊಡುತ್ತಾರೆಂಬ ಸುದ್ದಿ ಕೇಳಿ ಕೆರಳಿ, ಸೋದರತ್ತೆ ಪುಟ್ಟಮಾದಮ್ಮ ಹೇಳುತ್ತಿದ್ದ ಸೋಬಾನೆ ಪದಗಳ ಮಟ್ಟಿನಲ್ಲಿ ಎಂಟು ಪ್ರತಿಭಟನೆಯ ಹಾಡು ಕಟ್ಟಿದ. ಗುಂಡ್ಲುಪೇಟೆಯಲ್ಲಿ ಗುಡ್ಡದ ಬಗ್ಗೆ ಅಹವಾಲು ಸಭೆ ಕರೆದಿದ್ದರು. ಊರಿನ ಹೆಂಗಸರು ಸಭೆಯಲ್ಲಿ ಬಾಯಿ ಬಿಟ್ಟವರಲ್ಲ; ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವವರಿಗೇನೂ ಬರವಿಲ್ಲ. ಹಾಡು ಕೇಳಿದರೆ ಅವರಿಗೆ ಮಾತು ಬಂದೀತೆಂದು ಇವನ ಆಸೆ.

ಸಭೆಗೆ ವಾರವಿರುವಾಗ, ಅರಿಶಿನದ ಹೊಲದ ಕಳೆ ಮುಗಿಸಿ ಬಂದ ಹೆಂಗಸರನ್ನು ಅತ್ತೆಯ ಜಗಲಿಯಲ್ಲಿ ಕೂರಿಸಿ ಹಾಡು ಕೇಳಿಸಿದ. ನಾನೂ ಇದ್ದೆ. ಹಾಡು ಮುಗಿಯಿತು. ಮಾದೇಶನ ಮುಖ ಫಲಿತಾಂಶಕ್ಕೆ ಕಾದ ಹುಡುಗನದಾಗಿತ್ತು.

"ಎಲ್ಲಾವ ನೀನೇ ಏಳ್ಬುಟ್ಟಿದ್ದೀಯಲ್ಲಪ್ಪ, ನಾವೇನು ಬಾಯ್ಗೆ ಬೀಗ ಆಕಂಡು ಕೂತಿರವಾ?" ಎಂದರು ಪುಟ್ಟಮಾದಮ್ಮ.

ತಪ್ಪು ನನಗೂ ಆಗ ಹೊಳೆಯಿತು. ಸೋಬಾನೆಯಲ್ಲಿ ಒಬ್ಬರು ಸೊಲ್ಲು ಹೇಳಿ ನಿಲ್ಲಿಸಬೇಕು, ಉಳಿದವರು ಅದನ್ನು ಎತ್ತಿಕೊಳ್ಳಬೇಕು. ಅಲ್ಲಿ ಕೇಳುಗರೆಂಬ ಬೇರೆ ಜಾತಿಯೇ ಇಲ್ಲ. ಮಾದೇಶ ಆ ಬಿಡುವಿನಲ್ಲೆಲ್ಲ ಗಿಟಾರು ತುರುಕಿದ್ದ. ಎಲ್ಲರ ಪರವಾಗಿ ಕೂಗುವ ನಾವು ಎಲ್ಲರಿಗೂ ಉಸಿರಾಡಲು ಜಾಗ ಬಿಡುವುದನ್ನು ಮರೆಯುತ್ತೇವೆ. ನಾನೂ ಮೂವತ್ತು ವರ್ಷ ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಹೇಳಿ ಪಾಠ ಮಾಡಿದವನೇ. ಅವನನ್ನು ಆಡಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ.

ಸಭೆಯ ದಿನ ಅಧಿಕಾರಿಗಳು, "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದರು. ಮಾದೇಶ ಗಿಟಾರಿಲ್ಲದೆ ಬರಿಗೈಯಲ್ಲಿ ಎದ್ದು ನಿಂತ. 'ದನ ಮೇಯೋ ಗುಡ್ಡವ ಕೊಟ್ಟೋರ್ಯಾರವ್ವ' ಎಂದು ಒಂದೇ ಸೊಲ್ಲು ಹೇಳಿ ನಿಲ್ಲಿಸಿದ. ಹೆಂಗಸರು ನೆಲ ನೋಡುತ್ತಿದ್ದರು. ನನಗೆ ಅವನನ್ನು ನೋಡಿ ಅಯ್ಯೋ ಅನ್ನಿಸಿತು. ಇನ್ನೊಂದು ಗಳಿಗೆ ಹೀಗೇ ಕಳೆದಿದ್ದರೆ ಗುಡ್ಡ ಹೋದಂತೆಯೇ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪುಟ್ಟಮಾದಮ್ಮನ ಒಡಕು ದನಿ ಎದ್ದಿತು. ಪಕ್ಕದವರು ಸೇರಿದರು, ಆಮೇಲೆ ಇಡೀ ಸಾಲು. ನನ್ನ ಕಣ್ಣು ತುಂಬಿ ಬಂತು.

ಪದ ನಿಂತಾಗ ಗುಮಾಸ್ತರು ತಬ್ಬಿಬ್ಬಾಗಿ, "ಇದನ್ನ ಯಾರ ಆಕ್ಷೇಪಣೆ ಅಂತ ಬರೀಲಿ?" ಎಂದರು.

"ಪದ ಏಳ್ದೋರ್ನೆಲ್ಲ ಬರ್ಕೊ ಸ್ವಾಮಿ. ನಿನ್ನುವೇ ಸೇರಿಸ್ಕೊ, ನಿನ್ ಕಾಲೂ ತಾಳ ಆಕ್ತಿತ್ತು!" ಎಂದರು ಪುಟ್ಟಮಾದಮ್ಮ.

ಗುಡ್ಡದ ತೀರ್ಮಾನ ಇನ್ನೂ ಬಂದಿಲ್ಲ. ಅವತ್ತು ಹೆಸರು ಬರೆಸುವಾಗ ಒಬ್ಬೊಬ್ಬ ಹೆಂಗಸೂ ಗಂಡನ ಹೆಸರು ಬೇಡವೆಂದು ತನ್ನದನ್ನೇ ಹೇಳಿದಳು. ನಲವತ್ತು ವರ್ಷ ಪೋಸ್ಟರಿನ ನೆತ್ತಿಯ ಮೇಲಿದ್ದ ಮಾದೇಶನ ಹೆಸರು ಆ ಪಟ್ಟಿಯಲ್ಲಿ ಕಟ್ಟಕಡೆಗೆ, ಹಾಳೆಯ ಅಂಚಿನಲ್ಲಿ ಇಕ್ಕಟ್ಟಾಗಿ ಸೇರಿಕೊಂಡಿತು. ಅವನು ಅದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಎಲ್ಲರಿಗೂ ತೋರಿಸುತ್ತಿದ್ದಾನೆ.