ಮೇಷ್ಟರ ಕಾಲಿಗೆ ಬಗ್ಗಿದ್ದು

ಐವತ್ತು ದಾಟಿದ ನನಗೆ ಅಂದು ಅಮೆರಿಕದ ವೆಸ್ಟ್‌ಮಾಂಟ್‌ನ ಕರಾಟೆ ಶಾಲೆಯಲ್ಲಿ ಹಳದಿ ಬೆಲ್ಟ್ ಬಂತು! ಜಪಾನಿನ ಓಕಿನಾವಾ ದ್ವೀಪದಲ್ಲಿ ಕರಾಟೆ ಗುರುಗಳ ಮನೆಯಂಗಳದಲ್ಲೇ ಕಲಿತು ಬಂದಿದ್ದ ನಮ್ಮ ಅಮೆರಿಕನ್ ಮೇಷ್ಟರು ಬೆಲ್ಟ್ ಕೊಟ್ಟು ತಲೆಬಾಗಿದರು. ನಾನೂ ತಲೆಬಾಗಿದ್ದರೆ ಸಾಕಿತ್ತು. ಖುಷಿಯಲ್ಲಿ ಮೈಮರೆತು, ಮೈಸೂರಿನಲ್ಲಿ ಸಂಗೀತದ ಮೇಷ್ಟರಿಗೆ ಮಾಡುತ್ತಿದ್ದಂತೆ, ಕಾಲು ಮುಟ್ಟಲು ದಡಕ್ಕನೆ ಬಗ್ಗಿದೆ. ಕಾಲು ಹಿಡಿದು ಕೆಡವುವ ಪಟ್ಟನ್ನು ಹಿಂದಿನ ವಾರವಷ್ಟೇ ನನಗೆ ಕಲಿಸಿದ್ದ ಅವರು ಚಂಗನೆ ಹಿಂದೆ ಹಾರಿ, ಕೈ ಅಡ್ಡ ಹಿಡಿದು ನಿಂತರು.

“ಅಮ್ಮಾ, ವಾಟ್ ಆರ್ ಯೂ ಡೂಯಿಂಗ್!” ಬೆಲ್ಟ್ ಕೊಡುವುದನ್ನು ನೋಡಲು ಬಂದಿದ್ದ ಮಗಳು ಚೀರಿದಳು.

“ನಮಸ್ಕಾರ ಕಣೇ!” ಎಂದು ಅವಳಿಗೆ ಗದರಿ, ಮೇಷ್ಟರಿಗೆ ಇಂಗ್ಲಿಷಿನಲ್ಲಿ ವಿವರಿಸಿದೆ.

ಅವರು ಜೋರಾಗಿ ನಕ್ಕರು. “ಈ ಶಾಲೆಯಲ್ಲಿ ನನ್ನನ್ನು ಹಿಂದೆ ಸರಿಸಿದವರು ನೀವೊಬ್ಬರೇ” ಎಂದರು. ಆಮೇಲೆ ಕೈ ಇಳಿಸಿ, ಎರಡೂ ಕಾಲು ಜೋಡಿಸಿ ನಿಂತರು.

“ಈಗ ಬನ್ನಿ.”