ನೀಲಿ ರೆಕಾರ್ಡಿನ ಮಿರ್ಜಾ-ಜಿಗಿತ್

ಶು ಜಂಕ್ಷನ್ನಿನಲ್ಲಿ ಬಾತಿಮಾಳ ಮುಖ ನೋಡದವರು ಇರಬಹುದು, ದನಿ ಕೇಳದವರಿಲ್ಲ. ಸ್ಟೇಷನ್ನಿನ ಮೈಕಿನ ಮುಂದೆ ಕೂತು ಆಯುಷ್ಯ ಸವೆಸಿದವಳು ಅವಳು. ಅಲ್ಮಾಟಿಯ ಗಾಡಿ ತಡ ಎಂಬ ಸುದ್ದಿಯನ್ನು ಅವಳ ಬಾಯಲ್ಲಿ ಕೇಳಿದರೆ ಜನ ಬೈಯುವುದನ್ನು ಮರೆತು ಕಲ್ಲಂಗಡಿ ಕೊಯ್ದುಕೊಂಡು ಕೂರುತ್ತಿದ್ದರು. ತೊಡಕು ಒಂದೇ. ಅವಳ ಮಾವನ ಹೆಸರು ತೆಮಿರ್, ಅಂದರೆ ಕಬ್ಬಿಣ. ರೈಲು ಹಳಿಗೆ ನಮ್ಮಲ್ಲಿ ಕಬ್ಬಿಣದ ದಾರಿ ಎಂದೇ ಹೆಸರು. ಮನೆಗೆ ಬಂದ ಸೊಸೆ ಗಂಡನ ಕಡೆಯ ಗಂಡಸರ ಹೆಸರೆತ್ತುವಂತಿಲ್ಲ. ಆ ಹೆಸರು ಅಡಗಿರುವ ಮಾತನ್ನೂ ಆಡುವಂತಿಲ್ಲ. ಹೀಗಾಗಿ ಬಾತಿಮಾ ಮೈಕಿನಲ್ಲಿ, "ಪ್ರಯಾಣಿಕರೇ, ದಯವಿಟ್ಟು ಗಟ್ಟಿ ದಾರಿಯನ್ನು ದಾಟಬೇಡಿ" ಎನ್ನುತ್ತಿದ್ದಳು. ಹೊಸದಾಗಿ ಬಂದ ಸ್ಟೇಷನ್ ಮಾಸ್ತರರೊಬ್ಬರು ಒಂದೆರಡು ಸಲ ತಿದ್ದಿ ನೋಡಿದರು. ಆಮೇಲೆ ಅವರ ಬಾಯಲ್ಲೂ ಗಟ್ಟಿ ದಾರಿಯೇ ಬರತೊಡಗಿತು.

ಅವಳು ಕೆಲಸದಿಂದ ಇಳಿದ ಮೇಲೂ ಸ್ಟೇಷನ್ನಿನವರು ಟೇಪಿನಲ್ಲಿ ತುಂಬಿಟ್ಟ ಅವಳ ದನಿಯನ್ನೇ ಹಾಕುತ್ತಾರೆ. ಆ ದನಿ ಕೇಳಿ ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹುಡುಗಿ ಪೆಟ್ಟಿಗೆ ಕೈಬಿಟ್ಟು ನಿಂತಳಂತೆ. ಅವಳೇ ದಾನಾ. ಅಲ್ಮಾಟಿಯಲ್ಲಿ ಹಳೆಯ ಹಾಡುಗಳನ್ನು ಹೊಸದಾಗಿ ಅಚ್ಚುಹಾಕುವ ಒಂದು ಸಣ್ಣ ಕಂಪನಿಯವಳು. ಅವಳ ಚೀಲದಲ್ಲಿ ಹಪ್ಪಳದಷ್ಟು ತೆಳ್ಳಗಿನ ನೀಲಿ ರೆಕಾರ್ಡೊಂದಿತ್ತು. ಯಾರದೋ ಅಟ್ಟದಿಂದ ಇಸ್ತಾಂಬುಲ್ಲಿನ ಸಂತೆಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕೊನೆಗೆ ಇಂಟರ್ನೆಟ್ಟಿನಲ್ಲಿ ಜಗತ್ತನ್ನೆಲ್ಲ ಕುಣಿಸಿ ಬಂದ ಹಾಡು. ಗಿಟಾರು, ಡ್ರಮ್ಮು, ಒಬ್ಬ ಹುಡುಗಿಯ ದನಿ, ನಡುವೆ ಎಲ್ಲೋ ದೂರದಲ್ಲಿ ಎಂಜಿನ್ನಿನ ಸಿಳ್ಳೆ. ಮೇಲಿನ ಬರಹ ಇಷ್ಟೇ: ರೈಲ್ವೆ ಕ್ಲಬ್ಬಿನ ಮೇಳ, ಸಂಗೀತ ಎಂ. ಜಿಗಿತ್.

ಈ ಎಂ. ಜಿಗಿತ್ ಎಂಬಾತ ಇನ್ನಾವ ರೆಕಾರ್ಡಿನಲ್ಲೂ ಇರಲಿಲ್ಲ. ಬಲ್ಲವರು ಸುಮ್ಮನಿರುತ್ತಾರೆಯೇ? ಗಡೀಪಾರಾದ ಕೊರಿಯನ್ ಎಂದು ಒಬ್ಬರು, ಹಡಗು ಬಿಟ್ಟು ಓಡಿಬಂದ ಟರ್ಕಿಯವನು ಎಂದು ಇನ್ನೊಬ್ಬರು ಬರೆದರು. ಜರ್ಮನಿಯ ಪಂಡಿತರೊಬ್ಬರು, ಇದು ಒಬ್ಬನಲ್ಲ, ಸರ್ಕಾರಕ್ಕೆ ಹೆದರಿದ ಮೂವರ ಗುಂಪು ಎಂದು ಸಾಧಿಸಿ ಸಮಾಧಾನಪಟ್ಟುಕೊಂಡರು. ದಾನಾ ಮಾತ್ರ ಎಂಜಿನ್ನಿನ ಸಿಳ್ಳೆ ಹಿಡಿದು ಜಂಕ್ಷನ್ನಿನಿಂದ ಜಂಕ್ಷನ್ನಿಗೆ ಅಲೆಯುತ್ತ ಇಲ್ಲಿಗೆ ಬಂದಿದ್ದಳು. ರೆಕಾರ್ಡಿನ ದನಿಯೇ ಸ್ಟೇಷನ್ನಿನ ಮೈಕಿನಲ್ಲಿ ಕೇಳಿಸಿದ್ದೇ, ವಿಚಾರಿಸುತ್ತ ಬಾತಿಮಾಳ ಮನೆ ಸೇರಿದಳು.

"ಹಾಡಿದ್ದು ನಾನೇ ಮಗಳೇ," ಎಂದಳು ಬಾತಿಮಾ, ಕರಿದ ಹಿಟ್ಟಿನುಂಡೆ ಬಾವರ್ಸಾಕಿನ ತಟ್ಟೆಯನ್ನು ಅವಳತ್ತ ಸರಿಸುತ್ತ. "ಕಟ್ಟಿದ್ದು ನಮ್ಮ ಮಿರ್ಜಾ-ಜಿಗಿತ್. ಅಂದ್ರೆ ಗತ್ತಿನ ಹುಡುಗ ಅಂತ. ನನ್ನ ಮೈದುನ. ಮದುವೆಯಾಗಿ ಬಂದಾಗ ನಾನೇ ಇಟ್ಟ ಹೆಸರು. ಹರಿದ ಬೂಟು ಹಾಕ್ಕೊಂಡು ರಾಜನ ಮಗನ ಥರ ನಡೀತಿದ್ದ."

ನಡೆದದ್ದು ಹೀಗೆ. ಅಲ್ಮಾಟಿಯಿಂದ ಹಾಡು ಹಿಡಿದುಕೊಳ್ಳುವ ಗಾಡಿ ಕ್ಲಬ್ಬಿಗೆ ಬಂದಿತ್ತು. ಹುಡುಗ ಗಿಟಾರು ಬಾರಿಸಿದವನೇ ನಾಚಿಕೆಯಿಂದ ಹಿತ್ತಿಲ ಬಾಗಿಲಲ್ಲಿ ಮಾಯವಾದ. ಹಾಡು ಯಾರದು ಎಂದು ರಷ್ಯನ್ ಯಂತ್ರದವನು ಬಾತಿಮಾಳನ್ನು ಕೇಳಿದ. ಎದುರಿಗೇ ಮೊದಲ ಸಾಲಿನಲ್ಲಿ ಮಾವ. ಹೊಸ ಸೊಸೆ ಇನ್ನೇನು ಹೇಳಿಯಾಳು? ಮಿರ್ಜಾ-ಜಿಗಿತ್ ಎಂದಳು. ಯಂತ್ರದವನು ಮೊದಲರ್ಧವನ್ನು ಇನಿಷಿಯಲ್ಲು ಮಾಡಿ, ಎರಡನೆಯದನ್ನು ಮನೆತನದ ಹೆಸರು ಮಾಡಿ ಬರೆದುಕೊಂಡ.

"ತಿದ್ದಿಸೋಣ ಅಂದೆ. 'ಬಿಡು ಅತ್ತಿಗೆ, ನೀನಿಟ್ಟ ಹೆಸರು ಅಚ್ಚಾಯ್ತು, ಇನ್ನೇನ್ ಬೇಕು' ಅಂದ. ಮೂವತ್ತು ತುಂಬೋದ್ರೊಳಗೆ ಎದೆ ಶೀತಕ್ಕೆ ಹೋಗ್ಬಿಟ್ಟ. ಮದುವೆ ಇಲ್ಲ, ಮಕ್ಕಳಿಲ್ಲ. ಅವನ ಹೆಸರು ಹೇಳೋಕೆ ಭೂಮಿ ಮೇಲೆ ಏನೂ ಉಳಿದಿಲ್ಲ. ಈ ಸಲವಾದ್ರೂ ಅವನ ಸ್ವಂತ ಹೆಸರು ಹಾಕ್ತೀಯಾ?"

"ಖಂಡಿತ ಅಜ್ಜಿ. ಏನವರ ಹೆಸರು?"

ಬಾತಿಮಾ ಚಹಾ ಕಾಯುತ್ತಿದ್ದ ಸಮೋವಾರಿನ ಕಡೆ ನೋಡಿದಳು. "ನನ್ನ ಮಗ ಪಾಳಿ ಮುಗಿಸಿ ಬರ್ಲಿ. ಅವನು ಹೇಳ್ತಾನೆ."

ಮಗ ಬರುವ ಮೊದಲು ಬಂದವರು ಸೆರ್ಕೆಬಾಯರು, ಜೊತೆಗೆ ಹೆಂಡತಿ ಕುಲ್ಜಿಪಾ. ಗಂಡ ಒಂದು ಕಾಲದಲ್ಲಿ ರೈಲ್ವೆ ಕ್ಲಬ್ಬಿನ ಡೈರೆಕ್ಟರು. ಕ್ಲಬ್ಬು ಈಗ ಟೈಲ್ಸ್ ಅಂಗಡಿ. ಡೈರೆಕ್ಟರು ಮಾತ್ರ ಹಾಗೇ ಉಳಿದಿದ್ದಾರೆ. ಅಲ್ಮಾಟಿಯಿಂದ ಯಾರೋ ಬಂದಿದ್ದಾರೆಂದು ಕೇಳಿ ಕೋಟಿಗೆ ಪದಕ ಚುಚ್ಚಿಕೊಂಡು ಬಂದಿದ್ದರು. ಸಮಾಚಾರವೆಲ್ಲ ಕೇಳಿ, ಗಂಟಲು ಸರಿಮಾಡಿಕೊಂಡು, "ಸತ್ಯ ಹೇಳೋ ಕಾಲ ಬಂತು," ಎಂದರು. "ಆ ಮಿರ್ಜಾ-ಜಿಗಿತ್ ನಾನೇ."

ದಾನಾಳ ಪೆನ್ನು ನಿಂತಿತು. "ಅಜ್ಜಿ ತಮ್ಮ ಮೈದುನ ಅಂದ್ರಲ್ಲ?"

"ನಾನೂ ಮೈದುನನೇ ಅಲ್ವೇನಮ್ಮ? ಇವರ ಗಂಡ ಒಮಿರ್ಜಾಕ್ ನಮ್ಮ ಕುಲದವನೇ. ವಂಶದಲ್ಲಿ ತಮ್ಮ ಆಗ್ಬೇಕು ನಾನು. ಕುಲದ ಹುಡುಗರಿಗೆಲ್ಲ ಸೊಸೆ ಹೆಸರಿಡ್ತಾಳೆ. ನನಗಿಟ್ಟದ್ದನ್ನ ಸತ್ತುಹೋದವನಿಗೆ ಅಂಟಿಸ್ತಾ ಇದಾರೆ. ವಯಸ್ಸಾಯ್ತು, ಪಾಪ. ಡೈರೆಕ್ಟರಾಗಿ ನನ್ನ ಹೆಸರು ನಾನೇ ಮುಂದೆ ಮಾಡ್ಕೋಬಾರದು ಅಂತ ಆಗ ಸುಮ್ಮನಿದ್ದೆ." ತಮ್ಮ ವಿನಯಕ್ಕೆ ತಾವೇ ಮನಸೋತು ಒಂದು ಬಾವರ್ಸಾಕ್ ಬಾಯಿಗೆ ಹಾಕಿಕೊಂಡರು.

ಕ್ಲಬ್ಬಿನ ಮೇಳದವರಲ್ಲಿ ಈಗ ಬೇರೆ ಯಾರೂ ಉಳಿದಿರಲಿಲ್ಲ. ಬಾತಿಮಾಳ ಗಂಡ ತೀರಿಕೊಂಡಿದ್ದ, ಮಗ ಆಗಿನ್ನೂ ಹುಟ್ಟೇ ಇರಲಿಲ್ಲ. ಒಂದು ಕಡೆ ಪದಕ ಹಾಕಿದ ಡೈರೆಕ್ಟರು, ಇನ್ನೊಂದು ಕಡೆ ಮೈದುನನ ಹೆಸರನ್ನೇ ಬಾಯಿಗೆ ತಾರದ ಮುದುಕಿ. ದಾನಾ ಯಾರನ್ನು ನಂಬಬೇಕು? ಅವಳು ಹಾಳೆಯ ಮೇಲೆ ಒಂದು ಪ್ರಶ್ನೆ ಚಿಹ್ನೆ ಹಾಕಿದ್ದನ್ನು ಬಾತಿಮಾ ನೋಡಿದಳು. ಹುಡುಗನ ಹೆಸರು ಎರಡನೇ ಸಲ ಕೈತಪ್ಪುವಂತಿತ್ತು.

ಅವಳು ಜಗಳಕ್ಕೆ ಹೋಗಲಿಲ್ಲ. ಚಹಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಲ್ಜಿಪಾಗೆ ಕೊಟ್ಟಳು.

"ತಗೋ ನಾದಿನಿ. ಅಲ್ಲ, ಇನ್ಮೇಲೆ ನಾದಿನಿ ಅನ್ನೋದೋ, ಬೇರೆ ಏನಾದ್ರೂ ಅನ್ನೋದೋ, ನೀನೇ ಹೇಳ್ಬೇಕು."

"ಯಾಕತ್ತಿಗೆ?"

"ನಿಮ್ಮ ತಾತ, ನಮ್ಮ ಯಜಮಾನ್ರ ತಾತ ಅಣ್ಣತಮ್ಮಂದಿರು ಅಲ್ವಾ? ನೀನು ಈ ಕುಲದ ಮಗಳು. ನಿನ್ನ ಗಂಡನೂ ಇದೇ ಕುಲವಂತೆ. ಈಗಷ್ಟೇ ಹೇಳಿದ್ರು."

ಕುಲ್ಜಿಪಾಳ ಬಟ್ಟಲು ಮೇಜಿಗಿಳಿಯಿತು. ತನ್ನದೇ ಕುಲದಲ್ಲಿ ಏಳು ತಲೆಮಾರಿನೊಳಗೆ ಹೆಣ್ಣು ತಂದವನನ್ನು ನಮ್ಮಲ್ಲಿ ಹಿಂದೆ ಊರಾಚೆ ಅಟ್ಟುತ್ತಿದ್ದರು. ಈಗಲೂ ಅಂಥ ಮದುವೆಗೆ ಯಾರೂ ಉಣ್ಣಲು ಹೋಗುವುದಿಲ್ಲ.

"ರೀ," ಎಂದಳು ಕುಲ್ಜಿಪಾ, ಮೆಲ್ಲಗೆ. "ನಿಮ್ಮದು ಬೇರೆ ಕುಲ ಅಂತ ಏಳು ತಾತಂದಿರ ಹೆಸರು ಒಪ್ಪಿಸಿ ತಾನೇ ನಮ್ಮಪ್ಪನ್ನ ಒಪ್ಪಿಸಿದ್ದು ನೀವು?"

"ಅದು ಸರಿ ಕಣೇ, ಆದ್ರೆ..."

"ಏನು ಆದ್ರೆ? ಐದು ಮಕ್ಕಳಿದಾವೆ. ಇಬ್ಬರು ಮೊಮ್ಮಕ್ಕಳಿಗೆ ಮದುವೆ ಮಾತು ನಡೀತಿದೆ. ಬೀಗರ ಕಿವಿಗೆ ಬಿದ್ರೆ? ನಾನೇನು ಅಣ್ಣನ ಜೊತೆ ಸಂಸಾರ ಮಾಡಿದ್ನಾ?"

"ಅಲ್ಲ, ಅಷ್ಟು ಹತ್ತಿರದ ಕುಲ ಅಲ್ಲ..."

"ಹತ್ತಿರ ಅಲ್ದಿದ್ರೆ ಅತ್ತಿಗೆ ನಿಮಗ್ಯಾಕೆ ಹೆಸರಿಡ್ತಾರೆ? ಒಂದು ಹೇಳಿ. ಮೈದುನನೋ, ಗಂಡನೋ?"

ಸೆರ್ಕೆಬಾಯರು ಪದಕ ಮುಟ್ಟಿ ನೋಡಿಕೊಂಡರು. ಅದರಿಂದ ಸಹಾಯವೇನೂ ಬರಲಿಲ್ಲ. ಕಲೆ ದೊಡ್ಡದು, ನಿಜ; ಆದರೆ ರಾತ್ರಿ ಊಟ ಹಾಕುವವಳು ಎದುರಿಗೇ ಕೂತಿದ್ದಳು.

"ನಾನು ಬೇರೆ ಕುಲವೇ," ಎಂದರು ಕೊನೆಗೆ. "ಇವರಿಗೆ ಏನೂ ಆಗ್ಬೇಕಿಲ್ಲ. ಹಾಡು ಕಟ್ಟಿದ್ದು ಆ ಎಸೆಂತಾಯ್. ತೆಮಿರನ ಕೊನೇ ಮಗ, ಒಮಿರ್ಜಾಕನ ತಮ್ಮ. ಸಾಕಾ?"

ದಾನಾ ಬಾತಿಮಾಳತ್ತ ತಿರುಗಿದಳು. "ಹೌದಾ ಅಜ್ಜಿ?"

"ನಾನೇನೂ ಹೇಳಿಲ್ಲಪ್ಪ. ಡೈರೆಕ್ಟರು ಹೇಳ್ತಿದಾರೆ. ಬರ್ಕೋ. ಬರ್ಕೊಂಡು ಓದು."

"ಸಂಗೀತ, ಎಸೆಂತಾಯ್ ತೆಮಿರೊವ್."

"ಇನ್ನೊಂದ್ ಸಲ."

ದಾನಾ ಇನ್ನೊಮ್ಮೆ ಓದಿದಳು. ಬಾತಿಮಾ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡಳು.

ಸುಮ್ಮನೆ ಕೂರುವುದು ಡೈರೆಕ್ಟರ ಜಾತಕದಲ್ಲೇ ಇರಲಿಲ್ಲ. "ಆ ಡ್ರಮ್ಮು ಇದೆಯಲ್ಲ, ಅದು ಡ್ರಮ್ಮೇ ಅಲ್ಲ," ಎಂದರು ಗೊಣಗುತ್ತ. "ಕ್ಲಬ್ಬಿನ ಡ್ರಮ್ಮು ಒಡೆದಿತ್ತು. ಆ ಕಳ್ಳನನ್ಮಗ ಅಡುಗೆಮನೆಯಿಂದ ಸೂಪಿನ ಕೊಳಗ ಎತ್ತಿಕೊಂಡು ಬಂದ. ಬಾರಿಸಿದ್ದು ನಾನು. ಇದು ಮಾತ್ರ ದೇವರಾಣೆ."

"ಅದು ನಿಜ," ಎಂದಳು ಬಾತಿಮಾ. "ಕೊಳಗ ಇವರೇ ಬಾರಿಸಿದ್ದು. ತಾಳ ತಪ್ಪಿದಾಗಲೆಲ್ಲ ಅವನು ಕಾಲು ತುಳೀತಿದ್ದ."

"ಸೂಪಿನ ಕೊಳಗ?" ಜರ್ಮನಿಯ ಪಂಡಿತರು ಆ ಸದ್ದಿನ ಮೇಲೆಯೇ ಒಂದು ದೊಡ್ಡ ಲೇಖನ ಬರೆದಿದ್ದರು. ದಾನಾ ಹೊಸ ಹಾಳೆ ತಿರುವಿದಳು. "ತಾತ, ಮೊದಲಿಂದ ಹೇಳಿ. ಕೊಳಗ ಖಾಲಿ ಇತ್ತಾ, ಸೂಪು ಇತ್ತಾ?"